ಗೆರೆಗೆ ಕೈ ಹಚ್ಚಿದವನು

ಬೋಗುಣಿಯಿಂದ ಇಳಿಯುವ ನೀರು ಎಡಕ್ಕೆ ಸುತ್ತುತ್ತದೋ ಬಲಕ್ಕೆ ಸುತ್ತುತ್ತದೋ ಎಂಬುದಕ್ಕೂ ಭೂಮಧ್ಯರೇಖೆಗೂ ಸಂಬಂಧವಿಲ್ಲ. ಚಂಡಮಾರುತಕ್ಕೆ ಇದೆ, ಬೋಗುಣಿಗೆ ಇಲ್ಲ. ಹೈಸ್ಕೂಲು ಮುಗಿಸಿದ ಯಾರಿಗೇ ಆದರೂ ಇದು ಗೊತ್ತಿರಬೇಕಾದ ಮಾತು. ಗೊತ್ತಿಲ್ಲದಿದ್ದರೆ ಅರ್ಧ ದಿನದ ಮಟ್ಟಿಗೆ, ಭೂಮಧ್ಯರೇಖೆ ಹಾದುಹೋಗುವ ನಮ್ಮೂರಿಗೆ ಬನ್ನಿ. ಗೊತ್ತಿಲ್ಲದ ಹಾಗೆಯೇ ವಾಪಸು ಕಳಿಸುತ್ತೇವೆ, ಮೇಲೊಂದು ಪ್ರಮಾಣಪತ್ರವನ್ನೂ ಕೈಗಿಟ್ಟು.

ಆ ಪ್ರಮಾಣಪತ್ರಕ್ಕೆ ಹತ್ತೊಂಬತ್ತು ವರ್ಷ ಸಹಿ ಹಾಕಿದವನು ಆರ್ತೆಮಿಯೋ ಸಿಂಬಾನ್ಯಾ. ಆರನೇ ತರಗತಿಯನ್ನು ಪೂರ್ತಿ ಮುಗಿಸದವನು. ನಮ್ಮಲ್ಲಿ ಕೊರಳಿಗೆ ಗುರುತಿನ ಬಿಲ್ಲೆ ತೂಗಿಸಿಕೊಂಡವನನ್ನೆಲ್ಲ 'ಲಿಸೆನ್ಸಿಯಾದೋ' ಎನ್ನುವುದು ವಾಡಿಕೆ, ಅಂದರೆ ಪದವೀಧರ. ಆರ್ತೆಮಿಯೋನ ಬಿಲ್ಲೆಯಲ್ಲಿ ಪ್ರವಾಸಿಗರಿಗೆ ಗೆರೆ ತೋರಿಸುವ ಒಂದು ಅಂಗಳದ ಹೆಸರು, ಅವನ ಫೋಟೋ ಇದ್ದವು, ಅಷ್ಟೇ. ಆದರೂ ಮೊದಲನೇ ವಾರವೇ ಅವನು ಪದವೀಧರನಾದ. "ನಾಲ್ಕು ವರ್ಷ ಓದೋರು ದಡ್ಡರು. ನಾನು ಹಗ್ಗ ಹಾಕ್ಕೊಂಡು ಪಾಸಾದೆ," ಎಂದು ತನ್ನ ಕೊರಳನ್ನೇ ತೋರಿಸಿ ನಗುತ್ತಿದ್ದ.

ಅದಕ್ಕೆ ಮೊದಲು ಅವನು ಕಲ್ಲಿನ ಕ್ವಾರಿಯಲ್ಲಿದ್ದ. ಹದಿನಾಲ್ಕನೇ ವಯಸ್ಸಿನಿಂದ ಮೂವತ್ತೆಂಟರವರೆಗೆ. ನಮ್ಮ ರಾಜಧಾನಿ ಕೀತೋ ನಗರದ ಅರ್ಧ ಮನೆಗಳ ಗೋಡೆ ನಮ್ಮೂರ ಗುಡ್ಡವೇ. ಒಂದು ದಿನ ಗುಡ್ಡದ ಒಂದು ತುಂಡು ಕೀತೋಗೆ ಹೋಗುವ ಬದಲು ಆರ್ತೆಮಿಯೋನ ಸೊಂಟದ ಮೇಲೆ ಬಂತು. ಆಮೇಲೆ ಅವನಿಗೆ ಬಗ್ಗಲು ಆಗುತ್ತಿತ್ತು, ಎತ್ತಲು ಆಗುತ್ತಿರಲಿಲ್ಲ. ಅರ್ಧ ಬಕೆಟ್ಟು ನೀರನ್ನಷ್ಟೇ ಎತ್ತಬಲ್ಲವನಿಗೆ ನಮ್ಮೂರಲ್ಲಿ ಇದ್ದದ್ದು ಒಂದೇ ಕೆಲಸ. ಅದು ದೋನ್ಯಾ, ಅಂದರೆ ಅಮ್ಮಾವರು, ತಾರ್ಹೇಲಿಯಾಳ ಅಂಗಳದಲ್ಲಿತ್ತು.

ನಮ್ಮೂರಲ್ಲಿ ಭೂಮಧ್ಯರೇಖೆಗಳು ಐದು. ಸರ್ಕಾರ ಕಟ್ಟಿಸಿದ ದೊಡ್ಡ ಸ್ಮಾರಕದ ಹಳದಿ ಗೆರೆ ನಿಜವಾದ ಜಾಗದಿಂದ ಇನ್ನೂರ ನಲವತ್ತು ಮೀಟರು ತಪ್ಪಿದೆ. ಫೋನಿದ್ದ ಯಾರಿಗೂ ಅದು ಗುಟ್ಟಲ್ಲ. ಆ ತಪ್ಪನ್ನು ಎತ್ತಿ ಆಡಿಯೇ ಹೊಟ್ಟೆ ಹೊರೆಯುವ ಖಾಸಗಿ ಅಂಗಳಗಳು ನಾಲ್ಕು. "ಅದು ಸುಳ್ಳು ಗೆರೆ ಸ್ವಾಮೀ, ನಿಜವಾದ್ದು ನಮ್ಮಲ್ಲಿದೆ," ಎಂದು ನಾಲ್ವರೂ ಹೇಳುತ್ತಾರೆ, ಒಬ್ಬರ ಗೆರೆ ಇನ್ನೊಬ್ಬರ ಗೆರೆಯನ್ನು ಎಲ್ಲೂ ಮುಟ್ಟದ ಹಾಗೆ ನೋಡಿಕೊಂಡು. ತಾರ್ಹೇಲಿಯಾಳದ್ದು ಕೆಂಪು ಗೆರೆ. ವರ್ಷಕ್ಕೊಮ್ಮೆ ಕಾರ್ನಿವಲ್‌ಗೆ ಮೊದಲು ಬಣ್ಣ ಬಳಿಯುವುದು ಆರ್ತೆಮಿಯೋ. ಸೊಂಟದ ನೋವಿನಿಂದ ಒಂದೇ ಪಕ್ಕದಲ್ಲಿ ಕೂತು ಬಳಿಯುತ್ತಿದ್ದನಾದ್ದರಿಂದ ಗೆರೆ ಪ್ರತಿ ವರ್ಷ ಎರಡು ಬೆರಳು ಅವನ ಕಡೆಗೆ ಸರಿಯುತ್ತಿತ್ತು. ಹತ್ತೊಂಬತ್ತು ವರ್ಷಕ್ಕೆ ಒಂದು ಮೊಳದ ಮೇಲಾಯಿತು. ಯಾರಾದರೂ ಅಳೆದು ನೋಡಿದ್ದರೆ ಭೂಮಿಯೇ ಮಗುಚಿಕೊಳ್ಳುತ್ತಿದೆ ಎಂದು ಗಾಬರಿಯಾಗುತ್ತಿದ್ದರು. ಯಾರೂ ಅಳೆಯಲಿಲ್ಲ. ಅಳೆಯಲು ಪುರುಸೊತ್ತೆಲ್ಲಿ? ಕೀತೋದಿಂದ ಒಂಬತ್ತಕ್ಕೆ ಹೊರಟ ಪ್ರವಾಸಿಗರ ವ್ಯಾನು ಒಂದೂವರೆಗೆ ಊಟಕ್ಕೆ ವಾಪಸಾಗಬೇಕು. ದಾರಿಯ ಟ್ರಾಫಿಕ್ಕು, ಸ್ಮಾರಕದ ಮುಂದೆ ಗೆರೆಯ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಟು ಫೋಟೋ, ಇಷ್ಟಾಗಿ ಉಳಿಯುವುದು ನಲವತ್ತು ನಿಮಿಷ. ಭೂಮಿಗೆ ನಾನೂರೈವತ್ತು ಕೋಟಿ ವರ್ಷ. ಅದರ ನಡು ನೋಡಲು ನಲವತ್ತು ನಿಮಿಷ, ಅದರಲ್ಲೂ ಹತ್ತು ಶೌಚಾಲಯಕ್ಕೆ.

ಉಳಿದ ಮೂವತ್ತರಲ್ಲಿ ಮೊಳೆಯ ತಲೆಯ ಮೇಲೆ ಮೊಟ್ಟೆ ನಿಲ್ಲಿಸುವುದು, ಕಣ್ಣು ಮುಚ್ಚಿ ಗೆರೆಯ ಮೇಲೆ ನಡೆಯುವುದು, ಕೊನೆಗೆ ಎಲ್ಲಕ್ಕೂ ಕಳಶವಿಟ್ಟಂತೆ ಬೋಗುಣಿ. ಬೋಗುಣಿಯ ವಿದ್ಯೆಯನ್ನು ಅವನಿಗೆ ಕಲಿಸಿದವನು ಹಿಂದಿನ ಬಕೆಟ್ಟುಗಾರ, ಮುದುಕ ನೆಕ್ತಾರಿಯೋ.

"ಉತ್ತರಕ್ಕೆ ಹೋದಾಗ ಬಕೆಟ್ಟನ್ನ ಬಲಗಡೆ ಅಂಚಿಗೆ ತಾಗಿಸಿ ಸುರಿ. ದಕ್ಷಿಣಕ್ಕೆ ಬಂದಾಗ ಎಡಗಡೆ ಅಂಚಿಗೆ. ಕಣ್ಣಿಗೆ ಕಾಣದಷ್ಟು, ಬರೀ ಮಣಿಕಟ್ಟಿನಲ್ಲಿ. ಗೆರೆ ಮೇಲೆ ಮಾತ್ರ ನಡುವಿಗೆ ಸುರಿದು ಒಂದು ಕಥೆ ಹೇಳು. ಕಥೆ ಮುಗಿಯೋ ಹೊತ್ತಿಗೆ ನೀರು ಸುಮ್ಮನಾಗಿರುತ್ತೆ. ಆಗ ಬಿರಡೆ ಕೀಳು, ನೆಟ್ಟಗೆ ಇಳಿಯುತ್ತೆ."

"ಇದು ಮೋಸ ಅಲ್ವಾ ದೋನ್ ನೆಕ್ತಾರಿಯೋ?"

"ಮೋಸ ಯಾಕೋ? ಗೆರೆಗೆ ಶಕ್ತಿ ಇದ್ದೇ ಇದೆ. ಆದ್ರೆ ಅದು ನಿಧಾನ. ವ್ಯಾನಿನೋರಿಗೆ ಟೈಮಿಲ್ಲ. ನಾವು ಸ್ವಲ್ಪ ಕೈ ಹಚ್ತೀವಿ, ಅಷ್ಟೆ."

ಆರ್ತೆಮಿಯೋ ಅದನ್ನು ನಂಬಿದ. ಕೈಯಲ್ಲಿ ಮೋಸವನ್ನು ಹಿಡಿದುಕೊಂಡೇ ಮನಸ್ಸಿನಲ್ಲಿ ನಂಬಿದ. ಪೂಜೆಗೆ ಗಂಟೆ ಹೊಡೆಯುವವನು ದೇವರನ್ನು ಎಬ್ಬಿಸುತ್ತಿದ್ದೇನೆ ಅಂದುಕೊಳ್ಳುವುದಿಲ್ಲವೇ, ಹಾಗೆ. ಉತ್ತರದಲ್ಲಿ ನೀರು ಎಡಕ್ಕೆ, ದಕ್ಷಿಣದಲ್ಲಿ ಗಡಿಯಾರದಂತೆ ಬಲಕ್ಕೆ ಎಂದು ದಿನಕ್ಕೆ ಆರು ಸಲ ಹೇಳಿ ಹೇಳಿ, ಅದು ಅವನ ರಕ್ತಕ್ಕೇ ಇಳಿಯಿತು. ಎಷ್ಟರ ಮಟ್ಟಿಗೆ ಎಂದರೆ, ಏಳನೇ ವರ್ಷ ಮನೆಗೆ ಬಚ್ಚಲು ಕಟ್ಟಿಸಿ ಬೇಸಿನ್ ಕೂರಿಸಿದಾಗ ಮೊದಲ ದಿನವೇ ತೊಂದರೆ ಶುರುವಾಯಿತು. ಮನೆ ಗೆರೆಯಿಂದ ಒಂದು ಕಿಲೋಮೀಟರು ದಕ್ಷಿಣಕ್ಕಿದೆ. ನೀರು ಬಲಕ್ಕೆ ಸುತ್ತಬೇಕಿತ್ತು, ಎಡಕ್ಕೆ ಸುತ್ತಿತು. ಆರ್ತೆಮಿಯೋ ನಲ್ಲಿ ಕೆಲಸದವನನ್ನು ಕರೆಸಿ, ಕೊಳವೆ ತಿರುವುಮುರುವು ಕೂರಿಸಿದ್ದೀಯ ಎಂದು ಜಗಳ ತೆಗೆದ. ಅವನು ಬಿಚ್ಚಿ ಕೂರಿಸಿದ. ಮತ್ತೆ ಎಡಕ್ಕೆ. ಕೊಳವೆಯನ್ನೇ ಬದಲಾಯಿಸಿದ. ಎಡಕ್ಕೆ. ಮೂರನೇ ಸಲ ಬೇಸಿನ್ನನ್ನೇ ಕಿತ್ತು ಎದುರು ಗೋಡೆಗೆ ಹಾಕಿದರು. ಆಗ ನೀರಿಗೂ ಬೇಸರ ಬಂತೋ ಏನೋ, ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ ಇಳಿಯಲಾರಂಭಿಸಿತು.

"ಮುದುಕಾ," ಎಂದಳು ಹೆಂಡತಿ ಬ್ಲಾಂಕಾ, ಆಗ ಅವನಿಗಿನ್ನೂ ನಲವತ್ತೈದು, "ಮುಖ ತೊಳ್ಕೊಳ್ಳೋಕೆ ದಿಕ್ಕು ಯಾತಕ್ಕೆ? ಕೊಳೆ ಹೋದ್ರೆ ಸಾಲ್ದಾ?"

ನಲ್ಲಿ ಕೆಲಸದವನು ಸಾಮಾನು ಕಟ್ಟಿಕೊಂಡು ಹೇಳಿದ ಮಾತು ಇನ್ನೂ ಕಟುವಾಗಿತ್ತು. "ಗೆರೆ ವಿಷ್ಯ ನಿನ್ನ ನೀರಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ, ಲಿಸೆನ್ಸಿಯಾದೋ. ಟಿಕೆಟ್ ತಗೊಂಡು ಒಂದ್ಸಲ ಅಂಗಳಕ್ಕೆ ಕರ್ಕೊಂಡು ಹೋಗು."

ಅವತ್ತು ಆರ್ತೆಮಿಯೋ ಬಚ್ಚಲ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತ. ಏಳು ವರ್ಷ ತಾನು ಕೈ ಹಚ್ಚಿದ್ದು ಗೆರೆಗಲ್ಲ, ಇಲ್ಲದ ಒಂದು ಶಕ್ತಿಗೆ ಎಂದು ಗೊತ್ತಾಯಿತು. ಮೂರು ದಿನ ಬೋಗುಣಿಯ ಮುಂದೆ ನಿಂತಾಗ ಬಾಯಿ ಒಣಗಿತು. ನಾಲ್ಕನೇ ದಿನ ಯಾವುದೋ ತಣ್ಣನೆಯ ದೇಶದ ಭೌತಶಾಸ್ತ್ರದ ಪ್ರೊಫೆಸರು ಬಂದರು. ನೀರು ಸುತ್ತಿದ್ದನ್ನು ನೋಡಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಫೋಟೋ ಹಿಡಿಸಿಕೊಂಡು, ಬೆನ್ನು ತಟ್ಟಿ ಹೋದರು. ಪ್ರೊಫೆಸರಿಗೇ ಸರಿ ಅನಿಸಿದ ಮೇಲೆ ಆರನೇ ಕ್ಲಾಸಿನವನದ್ದೇನು ಎಂದು ಆರ್ತೆಮಿಯೋನ ಬಾಯಿ ಮತ್ತೆ ಒದ್ದೆಯಾಯಿತು. ಇನ್ನೂ ಹನ್ನೆರಡು ವರ್ಷ ಸುರಿದ. ಈ ಸಲ ನಂಬದೆ ಸುರಿದ. ಆದ್ದರಿಂದ ಕೆಲಸ ಇನ್ನಷ್ಟು ನಯವಾಯಿತು. ನಂಬಿಕೆ ಇದ್ದಾಗ ಕೈ ಕೊಂಚ ಸೋಮಾರಿಯಾಗಿರುತ್ತದೆ. ನಂಬಿಕೆ ಹೋದ ಮೇಲೆ ಎಲ್ಲವನ್ನೂ ಕೈಯೇ ಮಾಡಬೇಕು.

ಅವನಿಗೊಬ್ಬಳು ಮಗಳು, ಯೆಸೇನಿಯಾ. ಊರ ಶಾಲೆಯಲ್ಲಿ ಏಳು ವರ್ಷದಿಂದ ಗುತ್ತಿಗೆ ಟೀಚರು. ಗುತ್ತಿಗೆ ಎಂದರೆ ಪ್ರತಿ ಜೂನ್ ತಿಂಗಳಲ್ಲಿ ತಲೆಯ ಮೇಲೆ ಕತ್ತಿ. ಕಾಯಂ ಆಗಬೇಕಾದರೆ ಪರೀಕ್ಷೆ ಬರೆದು, ಆಮೇಲೆ ಮೂವರು ತೀರ್ಪುಗಾರರ ಮುಂದೆ ನಿಜವಾದ ಮಕ್ಕಳಿಗೆ ನಲವತ್ತು ನಿಮಿಷದ ಪಾಠ ಮಾಡಿ ತೋರಿಸಬೇಕು. ಎರಡು ಸಲ ಬರೆಯುವ ಪರೀಕ್ಷೆಯಲ್ಲಿ ಮುಂದೆ ಬಂದು, ಪಾಠದಲ್ಲಿ ಬಿದ್ದಿದ್ದಳು. 'ಶಿಕ್ಷಕಿ ಹೇಳಿದರು, ಮಕ್ಕಳು ಕೇಳಿಸಿಕೊಂಡರು. ಮಕ್ಕಳು ಯೋಚಿಸಲಿಲ್ಲ' ಎಂದು ಎರಡೂ ಸಲ ಷರಾ ಬರೆದಿದ್ದರು. ಇದು ಮೂರನೆಯದು. ಈ ಸಲ ಗುತ್ತಿಗೆಯೂ ಮುಂದುವರಿಯುವುದಿಲ್ಲ ಎಂದು ಶಾಲೆಯಲ್ಲಿ ಮೊದಲೇ ತಿಳಿಸಿದ್ದರು. ತಾರ್ಹೇಲಿಯಾಳ ಅಂಗಳದಲ್ಲಿ ಟಿಕೆಟ್ ಹರಿಯುವವಳ ಜಾಗ ಖಾಲಿ ಬಿದ್ದಿದೆ ಎಂಬುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂವರೂ ಆಲೂಗಡ್ಡೆ ಸೂಪಿಗೆ ಜೋಳದ ಅರಳು ಉದುರಿಸಿಕೊಂಡು ಊಟಕ್ಕೆ ಕೂತಿದ್ದಾಗ ಯೆಸೇನಿಯಾ ಹೇಳಿದಳು, "ಅಪ್ಪಾ, ನಿನ್ನ ಬೋಗುಣಿ ಬೇಕು. ಗುರುವಾರ ಪಾಠಕ್ಕೆ. ವಿಷಯಕ್ಕೆ ಚೀಟಿ ಎತ್ತಿಸಿದ್ರು, ಭೂಮಿ ತಿರುಗೋದು ಬಂದಿದೆ ನನ್ನ ಚೀಟಿಲಿ."

ಆರ್ತೆಮಿಯೋನ ಚಮಚ ತಟ್ಟೆಯ ಅಂಚಿಗೆ ಬಡಿಯಿತು. ಚಿಕ್ಕಂದಿನಲ್ಲಿ ಇವಳಿಗೆ ನೀರು ಸುತ್ತುವ ಕಥೆ ಹೇಳಿ ಮಲಗಿಸಿದವನು ಅವನೇ. ಈಗ ಇವಳು ಆ ಸುಳ್ಳನ್ನು ಕಟ್ಟಿಕೊಂಡು ತೀರ್ಪುಗಾರರ ಮುಂದೆ ಹೋಗಿ ನಿಲ್ಲುತ್ತಾಳೆ. ಅವರು ನಗುತ್ತಾರೆ. ಜೂನ್ ಬರುತ್ತದೆ.

"ಬೋಗುಣಿ ಸೋರುತ್ತೆ," ಎಂದ.

"ಪರವಾಗಿಲ್ಲ."

"ತಾರ್ಹೇಲಿಯಾ ಕೊಡಲ್ಲ."

"ಕೇಳಿದೀನಿ. ಗುರುವಾರ ಬೆಳಿಗ್ಗೆ ವ್ಯಾನಿಲ್ಲ, ತಗೊಂಡು ಹೋಗು ಅಂದ್ರು."

"ಮಗಳೇ..." ಎಂದವನು ಸೂಪು ಕುಡಿದ. ಮತ್ತೆ "ಮಗಳೇ" ಎಂದ. ಮತ್ತೆ ಕುಡಿದ. ಸೂಪು ಮುಗಿಯಿತು. "ಆ ಪಾಠ ಬೇಡ ಮಗಳೇ. ನೀರು... ಅದು ಯಾವಾಗ್ಲೂ ಹಾಗೇ ಸುತ್ತುತ್ತೆ ಅಂತ ಹೇಳೋಕಾಗಲ್ಲ. ಹವಾಮಾನ ನೋಡ್ಕೊಂಡು..."

ಬ್ಲಾಂಕಾ ಸೆರಗಿನಂಥ ತನ್ನ ಏಪ್ರನ್ನಿನ ತುದಿಯನ್ನು ಬಾಯಿಗಿಟ್ಟು ನಗು ತಡೆದಳು.

"ಅಪ್ಪಾ, ಅದು ಸುಳ್ಳು ಅಂತ ನಂಗೆ ಒಂಬತ್ತು ವರ್ಷ ಆದಾಗ್ಲಿಂದ ಗೊತ್ತು," ಎಂದಳು ಯೆಸೇನಿಯಾ. "ಸ್ಕೂಲಿಂದ ಬರೋವಾಗ ಕಾಲು ತೊಳ್ಕೊಳ್ಳೋಕೆ ಅಂಗಳಕ್ಕೆ ಬರ್ತಿರ್ಲಿಲ್ವಾ, ನೀನು ಊಟಕ್ಕೆ ಹೋದಾಗ? ಆಚೆ ಈಚೆ ಎರಡೂ ಕಡೆ ಇಟ್ಟು ಸುರಿದು ನೋಡ್ದೆ. ಅದಕ್ಕೆ ಇಷ್ಟ ಬಂದ ಕಡೆ ಹೋಯ್ತು."

"ಒಂಬತ್ತಾ?" ಎಂದ ಆರ್ತೆಮಿಯೋ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆಗಿನ್ನೂ ತಾನು ನಂಬುತ್ತಿದ್ದ. "ಒಂಬತ್ತು ವರ್ಷಕ್ಕೇನಾ? ನನಗಿಂತ ಮುಂಚೆನಾ?"

"ಹೇಳಬಾರ್ದಿತ್ತಾ ಬೇಸಿನ್ ಕೀಳಿಸೋ ಮೊದ್ಲು!" ಎಂದಳು ಬ್ಲಾಂಕಾ, ಈಗ ಬಾಯಿಬಿಟ್ಟು ನಗುತ್ತ.

"ಅಪ್ಪನ ಮುಖ ನೋಡಿ ಹೇಗಮ್ಮಾ ಹೇಳೋದು? ಕೊಳವೆ ಮೇಲೆ ಅಷ್ಟೊಂದು ಸಿಟ್ಟು ಮಾಡ್ಕೊಂಡಿದ್ದ."

ಯೆಸೇನಿಯಾಳ ಯೋಜನೆ ಬೇರೆಯೇ ಇತ್ತು. ಅಪ್ಪ ಬರಬೇಕು, ಅಂಗಳದಲ್ಲಿ ಮಾಡುವ ಹಾಗೆಯೇ ತರಗತಿಯಲ್ಲಿ ಮಾಡಬೇಕು. ಮಕ್ಕಳು ಅವನನ್ನು ಹಿಡಿಯಬೇಕು. ಹೇಗೆ ಹಿಡಿಯುವುದು ಎಂಬುದೇ ಪಾಠ. ಭೂಮಿ ತಿರುಗುವುದು ದೊಡ್ಡ ಬಿರುಗಾಳಿಯನ್ನು ಸುತ್ತಿಸುತ್ತದೆ, ಒಂದು ಬೋಗುಣಿಯನ್ನಲ್ಲ ಎಂದು ಆಮೇಲೆ ಹೇಳಿದರೆ ಅದು ತಲೆಗೆ ಹೋಗುತ್ತದೆ.

ಆರ್ತೆಮಿಯೋ ಕುರ್ಚಿ ಹಿಂದೆ ತಳ್ಳಿದ. "ನಿನ್ನ ಕ್ಲಾಸಲ್ಲಿ ಎಷ್ಟು ಮಕ್ಕಳು?"

"ಮೂವತ್ತೆರಡು."

"ಅದ್ರಲ್ಲಿ ಇಪ್ಪತ್ತು ಮಕ್ಕಳ ಮನೆ ಒಲೆ ಉರಿಯೋದು ಗೆರೆಯಿಂದ. ಒಬ್ಬನಪ್ಪ ಮೊಟ್ಟೆ ನಿಲ್ಲಿಸ್ತಾನೆ, ಒಬ್ಬಳಮ್ಮ ಬಂದೋರ ಪಾಸ್‌ಪೋರ್ಟಿಗೆ ಗೆರೆ ಮುದ್ರೆ ಒತ್ತುತ್ತಾಳೆ. ವಾಷಿಂಗ್ಟನ್ ಮಗಳೂ ನಿನ್ನ ಕ್ಲಾಸೇ ಅಲ್ವಾ? ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೇ ಗೊತ್ತಾಗುತ್ತೆ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೋಬೇಕಾ? ಬೋಗುಣಿ ತಗೊಂಡು ಹೋಗು, ನೀನೇ ಮಾಡು."

ವಾಷಿಂಗ್ಟನ್ ಎಂದರೆ ವ್ಯಾನಿನ ಚಾಲಕ. ನಮ್ಮಲ್ಲಿ ವಾಷಿಂಗ್ಟನ್, ನೆಲ್ಸನ್, ಎಡಿಸನ್ ಎಲ್ಲರೂ ಕಪ್ಪು ಕೂದಲಿನ ನಮ್ಮ ಹುಡುಗರೇ. ಯಾವ ಅಂಗಳದ ಮುಂದೆ ವ್ಯಾನು ನಿಲ್ಲಬೇಕು ಎಂಬುದು ಅವನ ಕೈಯಲ್ಲಿದೆ.

"ಮಾಡ್ತಿದ್ದೆ," ಎಂದಳು ಯೆಸೇನಿಯಾ. "ಮೂರು ದಿನದಿಂದ ಬಚ್ಚಲಲ್ಲಿ ಅದೇ ಕೆಲ್ಸ. ಬರ್ತಿಲ್ಲ. ನಾನು ಸುರಿದ್ರೆ ಯಾವ ಕುರುಡಂಗೂ ಗೊತ್ತಾಗುತ್ತೆ. ನಿನ್ನ ಕೈ ಬೇರೆ ಅಪ್ಪಾ. ಅದು ಯಾರಿಗೂ ಬರಲ್ಲ."

ಇಲ್ಲಿ ಆರ್ತೆಮಿಯೋನ ಆತ್ಮಸಾಕ್ಷಿ ಎಚ್ಚರವಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಎಚ್ಚರವಾದದ್ದು ಜಂಬ. ಹತ್ತೊಂಬತ್ತು ವರ್ಷ ಯಾರಿಗೂ ತೋರಿಸಲಾಗದ ಒಂದು ಕಲೆಯನ್ನು ಅವನು ಮಣಿಕಟ್ಟಿನಲ್ಲಿ ಸಾಕಿದ್ದ. ಅದು ಎಷ್ಟು ಚೆಂದವೆಂದು ಹೇಳಿದ ಮೊದಲನೆಯವಳು ಮಗಳು.

"ಯಾರಿಗೂ ಬರಲ್ಲ ಅಂತೀಯಾ?"

"ನೆಕ್ತಾರಿಯೋಗೂ ಇಷ್ಟು ಬರ್ತಿರ್ಲಿಲ್ವಂತೆ. ಅಮ್ಮ ಹೇಳ್ತಾಳೆ."

ಬ್ಲಾಂಕಾ ಹಾಗೆ ಯಾವತ್ತೂ ಹೇಳಿರಲಿಲ್ಲ. ಆದರೆ ತಲೆಯಾಡಿಸಿದಳು. ಆರ್ತೆಮಿಯೋ ಒಪ್ಪಿಕೊಂಡ. ಬೇಕೆಂದೇ ಸ್ವಲ್ಪ ಒರಟಾಗಿ ಸುರಿದು ಬೇಗ ಸಿಕ್ಕಿಬೀಳುತ್ತೇನೆ, ಕೆಲಸ ಹೋದರೆ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಂಗಳದ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಬಿಲ್ಲೆ ತೂಗಿಸಿಕೊಂಡು, ಕಾಲುಗಳುಳ್ಳ ಬೋಗುಣಿಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಶಾಲೆಗೆ ಹೋದ. ಯೆಸೇನಿಯಾ ತರಗತಿಯ ನಡುವೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು. ಹಿಂದಿನ ಬೆಂಚಿನಲ್ಲಿ ಮೂವರು ತೀರ್ಪುಗಾರರು: ಬೇರೆ ಊರಿನ ಒಬ್ಬ ಹೆಡ್‌ಮಾಸ್ಟರು, ಕಾಲೇಜಿನ ಒಬ್ಬ ಹೆಂಗಸು, ಹೆತ್ತವರ ಕಡೆಯಿಂದ ಒಬ್ಬ. ಮೂವರ ತೊಡೆಯ ಮೇಲೂ ಅಂಕದ ಹಾಳೆ.

"ಇವತ್ತು ನಮ್ಮ ಹತ್ರ ಒಬ್ರು ಬಂದಿದಾರೆ," ಎಂದಳು ಯೆಸೇನಿಯಾ. "ಅವರು ಏನೋ ತೋರಿಸ್ತಾರೆ. ಕಣ್ಣು ಬಿಟ್ಟು ನೋಡಿ. ನಂಬಬೇಕಾ ಬೇಡ್ವಾ, ಆಮೇಲೆ ನೀವೇ ಹೇಳ್ಬೇಕು."

ಆರ್ತೆಮಿಯೋ ಗೆರೆಯ ಆಚೆ ಬೋಗುಣಿ ಇಟ್ಟ. ಸುರಿದ. ಎರಡು ಎಲೆ ತೇಲಿಬಿಟ್ಟು ಬಿರಡೆ ಕಿತ್ತ. ಎಲೆಗಳು ಎಡಕ್ಕೆ ಸುತ್ತಿ ಸುತ್ತಿ ಇಳಿದವು. ಗೆರೆಯ ಈಚೆ ತಂದ. ಸುರಿದ. ಬಲಕ್ಕೆ. ಗೆರೆಯ ಮೇಲಿಟ್ಟ, ಕ್ವಾರಿಯಲ್ಲಿ ಸೊಂಟ ಮುರಿದ ಕಥೆ ಹೇಳಿದ, ಬಿರಡೆ ಕಿತ್ತ. ಎಲೆಗಳು ಎತ್ತಲೂ ತಿರುಗದೆ ನೆಟ್ಟಗೆ ಮುಳುಗಿದವು.

ಮೂವತ್ತೆರಡು ಮಕ್ಕಳು ಚಪ್ಪಾಳೆ ತಟ್ಟಿದರು. ತೀರ್ಪುಗಾರರೂ ತಟ್ಟಿದರು. ಹೆತ್ತವರ ಪ್ರತಿನಿಧಿ ಎದ್ದು ನಿಂತು ಫೋನಿನಲ್ಲಿ ಹಿಡಿದುಕೊಂಡ.

"ಯಾರಿಗಾದ್ರೂ ಏನಾದ್ರೂ ಕಾಣಿಸ್ತಾ?" ಎಂದಳು ಯೆಸೇನಿಯಾ.

ಯಾರಿಗೂ ಏನೂ ಕಾಣಿಸಿರಲಿಲ್ಲ.

"ಇನ್ನೊಂದ್ಸಲ."

ಇನ್ನೊಂದು ಸಲ ಆಯಿತು. ಒರಟಾಗಿ ಸುರಿಯಬೇಕೆಂದು ಆರ್ತೆಮಿಯೋ ಮನಸ್ಸು ಮಾಡಿದ್ದು ನಿಜ. ಆದರೆ ಕೈ ಅವನ ಮಾತು ಕೇಳಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಚಂದದಲ್ಲಿ ಬಾಗಿದ ಮಣಿಕಟ್ಟು, ಇಷ್ಟು ಒಳ್ಳೆಯ ಸಭೆ ಸಿಕ್ಕಿದ ದಿನವೇ ಕೆಡುವುದಿಲ್ಲ ಎಂದಿತು. ಮೂರನೇ ಸಲ ಅದು ತನ್ನ ಜನ್ಮದ ಕೆಲಸವನ್ನೇ ಮಾಡಿತು. ಇಷ್ಟು ಅಂದವಾಗಿ ನೀರು ಯಾವ ಪ್ರೊಫೆಸರಿಗೂ ಸುತ್ತಿರಲಿಲ್ಲ.

"ಈಗ?" ಎಂದಳು ಯೆಸೇನಿಯಾ. "ನಾವು ಎಲ್ಲಿದೀವಿ ಯೋಚ್ನೆ ಮಾಡಿ. ನಮ್ಮ ಸ್ಕೂಲು ಎಲ್ಲಿದೆ?"

"ಬಸ್ ಸ್ಟಾಪ್ ಹತ್ರ, ಮಿಸ್."

"ಗೆರೆಯಿಂದ ಎಷ್ಟು ದೂರ?"

"ಗೆರೆ ಇಲ್ಲೇ ಇದೆ ಮಿಸ್," ಎಂದು ಒಬ್ಬ ಸೀಮೆಸುಣ್ಣದ ಕಡೆ ಬೆರಳು ತೋರಿಸಿದ. "ಅದಕ್ಕೆ ಶಕ್ತಿ ಇದೆ. ನಮ್ಮಪ್ಪ ಹೇಳಿದಾರೆ."

ಹೆಡ್‌ಮಾಸ್ಟರು ಹಾಳೆಯ ಮೇಲೆ ಏನೋ ಬರೆದರು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ ಆಗಿತ್ತು. ಯೆಸೇನಿಯಾ ಡಸ್ಟರನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದುದನ್ನು ಆರ್ತೆಮಿಯೋ ನೋಡಿದ. ಅವನಿಗೆ ಆಗ ಪೂರ್ತಿ ಅರ್ಥವಾಯಿತು. ತಾನು ಮಗಳ ಪಾಠಕ್ಕೆ ಬಂದು ಮಗಳ ಪಾಠವನ್ನೇ ನುಂಗಿದ್ದೇನೆ. ಇನ್ನು ಹದಿನಾಲ್ಕು ನಿಮಿಷಕ್ಕೆ ಅವಳು ಮೂರನೇ ಸಲ ಬೀಳುತ್ತಾಳೆ. ತನ್ನ ಕೈ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ.

ಆಗ ಮೂಲೆಯಿಂದ ಒಂದು ಕೈ ಎದ್ದಿತು. ವಾಷಿಂಗ್ಟನ್‌ನ ಮಗಳು ದಾಯನಾ. ಹನ್ನೊಂದು ವರ್ಷ.

"ನಾನು ಸುರೀಲಾ?"

ಆರ್ತೆಮಿಯೋ ಬಕೆಟ್ಟನ್ನು ಎದೆಗೆ ಒತ್ತಿಕೊಂಡ. ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ನೆಕ್ತಾರಿಯೋ ಅವನಿಗೆ ಕಲಿಸಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ, ದಿನಕ್ಕೆ ಆರು ಸಲದಂತೆ, ಒಬ್ಬರೂ, ಒಬ್ಬರೆಂದರೆ ಒಬ್ಬರೂ ಅದನ್ನು ಕೇಳಿರಲಿಲ್ಲ.

"ನೀರು ಚೆಲ್ಲುತ್ತೆ ಮಗೂ," ಎಂದ. ಬಾಯಿ ತಾನಾಗಿಯೇ ಹೇಳಿತು.

"ಚೆಲ್ಲಲ್ಲ. ಮನೇಲಿ ನಾನೇ ತರೋದು."

ಯೆಸೇನಿಯಾ ಅಪ್ಪನ ಕಡೆ ನೋಡಿದಳು. ಆರ್ತೆಮಿಯೋ ಬಕೆಟ್ಟು ಕೊಟ್ಟ.

ದಾಯನಾ ಗೆರೆಯ ಆಚೆ ಸುರಿದು ಬಿರಡೆ ಕಿತ್ತಳು. ಎಡಕ್ಕೆ ಸುತ್ತಬೇಕಾದ ನೀರು ಬಲಕ್ಕೆ ಸುತ್ತಿತು. ಈಚೆ ಸುರಿದಳು. ಅಲ್ಲಿಯೂ ಬಲಕ್ಕೆ. ಮಕ್ಕಳು ಬೆಂಚು ಬಿಟ್ಟು ಎದ್ದರು. ಗುಸುಗುಸು ಶುರುವಾಯಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು ಹೆಡ್‌ಮಾಸ್ಟರು ಹಿಂದಿನಿಂದ. "ಮಗು ಬಕೆಟ್ಟು ಅಲ್ಲಾಡಿಸಿಬಿಡ್ತು. ಅದಕ್ಕೆಲ್ಲ ಅನುಭವ ಬೇಕಾಗುತ್ತೆ. ಲಿಸೆನ್ಸಿಯಾದೋ ಅವರೇ, ನೀವೇ ಇನ್ನೊಂದು ಸಲ ಸರಿಯಾಗಿ ತೋರಿಸಿಬಿಡಿ."

ದಾಯನಾ ಬಕೆಟ್ಟನ್ನು ವಾಪಸು ಚಾಚಿದಳು. ತಪ್ಪು ತನ್ನದೇ ಎಂದುಕೊಂಡ ಮಗುವಿನ ಕೈ ಅದು. ತೀರ್ಪುಗಾರರಿಗೆ ಎದುರಾಡಿದರೆ ಯೆಸೇನಿಯಾಳ ಅಂಕ ಹೋಗುತ್ತದೆ.

ಆರ್ತೆಮಿಯೋ ಬಕೆಟ್ಟು ತೆಗೆದುಕೊಳ್ಳಲಿಲ್ಲ.

"ಇಲ್ಲ ಸಾಹೇಬ್ರೇ," ಎಂದ. "ಮಗು ಸರಿಯಾಗೇ ಸುರಿದಿದೆ. ತಪ್ಪಾಗಿ ಸುರಿಯೋನು ನಾನು."

"ಅಂದ್ರೆ?"

"ಅಂದ್ರೆ ನಾನು ಲಿಸೆನ್ಸಿಯಾದೋ ಅಲ್ಲ. ಆರನೇ ಕ್ಲಾಸೂ ಪೂರ್ತಿ ಇಲ್ಲ. ಗೆರೆ ಏನೂ ಮಾಡಲ್ಲ. ಎಲ್ಲಾ ಮಾಡೋದು ಇದು." ಅವನು ಬಲಗೈ ಮಣಿಕಟ್ಟನ್ನು ಎತ್ತಿ ಹಿಡಿದ, ಕಳ್ಳಮಾಲು ತೋರಿಸುವವನ ಹಾಗೆ. "ಗೆರೆ ಇರೋದು ಇಲ್ಲಿಂದ ಒಂದು ಕಿಲೋಮೀಟರ್ ಆಚೆ. ನೆಲದ ಮೇಲಿರೋದು ಸೀಮೆಸುಣ್ಣ. ಸೀಮೆಸುಣ್ಣಕ್ಕೆ ನೀವು ಮೂರು ಸಲ ಚಪ್ಪಾಳೆ ತಟ್ಟಿದ್ರಿ, ಕ್ಷಮಿಸಬೇಕು, ನೀವೂ ತಟ್ಟಿದ್ರಿ."

ಆಮೇಲೆ ತರಗತಿ ಯೆಸೇನಿಯಾಳ ಕೈಯಲ್ಲಿತ್ತು, ಅಥವಾ ಯಾರ ಕೈಯಲ್ಲೂ ಇರಲಿಲ್ಲ. ಮಕ್ಕಳು ಸಾಲು ನಿಂತರು, ಸಾಲು ಮುರಿದರು. ಬಲ ಅಂಚಿಗೆ ಸುರಿದರೆ ಏನು, ಎಡಕ್ಕೆ ಸುರಿದರೆ ಏನು, ಮೇಲಿಂದ ಸುರಿದರೆ, ಕೈಯಲ್ಲಿ ಕಲಕಿದರೆ? ಬಕೆಟ್ಟು ಕೈಗೆ ಸಿಕ್ಕವರೆಲ್ಲ ಸುರಿದು ನೋಡಿದರು. ನೆಲವೆಲ್ಲ ನೀರಾಗಿ ಸೀಮೆಸುಣ್ಣದ ಗೆರೆ ತೊಳೆದುಹೋಯಿತು. ಗೆರೆಗೆ ಶಕ್ತಿ ಇದೆ ಎಂದಿದ್ದ ಹುಡುಗನೇ ಕೊನೆಗೆ ಕೂಗಿದ, "ಮಿಸ್, ನಾನು ಯಾವ ಕಡೆ ಬೇಕಾದ್ರೂ ಸುತ್ತಿಸ್ತೀನಿ!" ಹತ್ತೊಂಬತ್ತು ವರ್ಷದ ವಿದ್ಯೆ ಅವನಿಗೆ ನಾಲ್ಕು ನಿಮಿಷಕ್ಕೆ ಬಂದಿತ್ತು. ಆರ್ತೆಮಿಯೋಗೆ ಅದು ನಿಜವಾಗಿಯೂ ನೋವಾಯಿತು. ಹಾಗಾದರೆ ಬಿರುಗಾಳಿ ಯಾಕೆ ಸುತ್ತುತ್ತದೆ, ಬೋಗುಣಿ ಯಾಕೆ ಇಲ್ಲ ಎಂದು ಮಕ್ಕಳೇ ಕೇಳಿದರು. ಕಡೆಯ ಐದು ನಿಮಿಷ ಯೆಸೇನಿಯಾ ಅದನ್ನು ಹೇಳಿದಳು. ಒಂದು ಮಗುವೂ ಕಿಟಕಿಯ ಕಡೆ ನೋಡಲಿಲ್ಲ.

ಗಂಟೆ ಹೊಡೆದ ಮೇಲೆ ಕಾಲೇಜಿನ ಹೆಂಗಸು ಒದ್ದೆ ನೆಲವನ್ನು ದಾಟಿ ಬಂದಳು. "ಇವರು ನಿಮ್ಮ ತಂದೆಯೇ?"

"ಹೌದು."

"ಇದೆಲ್ಲ ಮೊದಲೇ ಮಾತಾಡಿಕೊಂಡು ಮಾಡಿದ್ದಾ?"

"ಸುಳ್ಳು ಹೇಳೋದನ್ನ ಮಾತಾಡಿಕೊಂಡಿದ್ವಿ," ಎಂದಳು ಯೆಸೇನಿಯಾ. "ನಿಜ ಹೇಳೋದನ್ನಲ್ಲ."

ಮೂರು ವಾರಕ್ಕೆ ಪಟ್ಟಿ ಬಂತು. ಯೆಸೇನಿಯಾ ಕಾಯಂ ಆದಳು. ಆ ಹೊತ್ತಿಗೆ ಆರ್ತೆಮಿಯೋನ ಬೋಗುಣಿಯ ಕೆಲಸ ಹೋಗಿ ಎರಡು ವಾರ ಐದು ದಿನ ಆಗಿತ್ತು. ಪಾಠ ನಡೆದ ಗುರುವಾರ ಮಧ್ಯಾಹ್ನವೇ, ಅವನು ಅಂದಿದ್ದಂತೆ ಊಟದ ಹೊತ್ತಿಗೆ, ಊರಿಗೆಲ್ಲ ಗೊತ್ತಾಗಿತ್ತು. ಶನಿವಾರ ವಾಷಿಂಗ್ಟನ್ ವ್ಯಾನು ನಿಲ್ಲಿಸಿ ಕಿಟಕಿಯಿಂದಲೇ ಬೈದ. "ಏನು ಕಲಿಸಿದೆಯೋ ನನ್ನ ಮಗಳಿಗೆ! ನಿನ್ನೆ ಗಿರಾಕಿಗಳ ಮುಂದೆನೇ 'ಅಪ್ಪಾ, ಇಲ್ಲಿ ತೂಕ ಒಂದು ಕಿಲೋ ಕಮ್ಮಿ ಆಗುತ್ತೆ ಅಂತೀಯಲ್ಲ, ತಕ್ಕಡಿ ತರ್ಲಾ' ಅಂದ್ಲು. ಇನ್ಮೇಲೆ ನಿಮ್ಮ ಅಂಗಳದ ಮುಂದೆ ಬ್ರೇಕ್ ಒತ್ತಲ್ಲ." ಪಕ್ಕದ ಅಂಗಳಕ್ಕೆ ವ್ಯಾನು ತಿರುಗಿಸಿದ. ಅಲ್ಲಿ ನೀರು ಇನ್ನೂ ಹಳೆಯ ಹಾಗೆಯೇ ಸುತ್ತುತ್ತಿತ್ತು.

ದೋನ್ಯಾ ತಾರ್ಹೇಲಿಯಾ ಅಷ್ಟು ಕೆಟ್ಟವಳಲ್ಲ. "ತೆಗೆದುಹಾಕಿದ್ರೆ ಊರು ನನ್ನನ್ನ ಬೈಯುತ್ತೆ, ಇಟ್ಕೊಂಡ್ರೆ ವ್ಯಾನು ಬರಲ್ಲ," ಎಂದು ಯೋಚಿಸಿ, ಅವನ ಕೊರಳಿನ ಬಿಲ್ಲೆ ಬಿಚ್ಚಿಸಿಕೊಂಡು, ಶೌಚಾಲಯದ ಬಾಗಿಲಲ್ಲಿ ಕಾಗದದ ಚೂರು ಕೊಡುವ ಸ್ಟೂಲಿನ ಮೇಲೆ ಕೂರಿಸಿದಳು. "ಮೊದ್ಲೂ ನೀರಿನ ಕೆಲಸ, ಈಗ್ಲೂ ನೀರಿನ ಕೆಲಸ," ಎನ್ನುತ್ತಾನೆ ಆರ್ತೆಮಿಯೋ. "ಇಲ್ಲಿ ಯಾವ ಕಡೆ ಸುತ್ತಿತು ಅಂತ ಯಾರೂ ಕೇಳಲ್ಲ, ಅದೊಂದು ನೆಮ್ಮದಿ." ಬೋಗುಣಿಯ ಮುಂದೆ ಈಗ ಬ್ಲಾಂಕಾಳ ತಮ್ಮ ಎಡಿಸನ್ ನಿಂತಿದ್ದಾನೆ. ವ್ಯಾನು ಮತ್ತೆ ಬರುತ್ತಿದೆ. ಎಡಿಸನ್ ಒರಟ, ಬಕೆಟ್ಟನ್ನು ಅಂಚಿಗೆ ಬಡಿದು ಸುರಿಯುತ್ತಾನೆ, ಕುರುಡನಿಗೂ ಕಾಣುವ ಹಾಗೆ. ಆದರೂ ಸ್ಟೂಲಿನ ಮೇಲೆ ಕೂತ ಆರ್ತೆಮಿಯೋಗೆ ದಿನಕ್ಕೆ ಆರು ಸಲ ಚಪ್ಪಾಳೆ ಕೇಳಿಸುತ್ತದೆ.

ಎಡಿಸನ್‌ನನ್ನು ಬೈಯಬೇಡಿ, ಅವನ ಮನೆಯಲ್ಲಿ ನಾಲ್ಕು ಬಾಯಿ. ತಾರ್ಹೇಲಿಯಾಳನ್ನೂ ಬೈಯಬೇಡಿ. ನಾವು ಗೆರೆ ಎಳೆದು ಬದುಕುವ ಜನ, ನಮ್ಮ ನಾಚಿಕೆ ನಮಗೆ ಗೊತ್ತು. ಆದರೆ ಚಪ್ಪಾಳೆ ತಟ್ಟಿದವರು ಯಾರು? ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಒಂದೊಂದು ವ್ಯಾನಿನಲ್ಲಿ ಹನ್ನೆರಡು ಜನ, ಹನ್ನೆರಡು ಪದವಿ, ಅವೂ ನಿಜವಾದವು. ಹನ್ನೊಂದು ವರ್ಷದ ಹುಡುಗಿಯ ಬಾಯಿಗೆ ಬಂದದ್ದು ಹತ್ತೊಂಬತ್ತು ವರ್ಷ ಅವರಲ್ಲಿ ಒಬ್ಬರ ಬಾಯಿಗೂ ಬರಲಿಲ್ಲ. ನೀವೂ ಒಂದು ದಿನ ಆ ವ್ಯಾನಿನಿಂದ ಇಳಿಯುತ್ತೀರಿ. ನಮ್ಮಲ್ಲಿ ಅಲ್ಲದಿದ್ದರೆ ನಿಮ್ಮೂರಲ್ಲೇ, ಬೇರೆ ಯಾವುದೋ ಬೋಗುಣಿಯ ಮುಂದೆ. ಆಗ ಫೋನನ್ನು ಜೇಬಿಗೆ ಹಾಕಿ. ಹೊತ್ತಾಯಿತು ಎಂದು ಚಾಲಕ ಹಾರ್ನ್ ಒತ್ತಲಿ, ಒತ್ತಿಕೊಳ್ಳಲಿ. ಎರಡು ಹೆಜ್ಜೆ ಮುಂದೆ ಬನ್ನಿ, ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ: ಬಕೆಟ್ಟು ಇಲ್ಲಿ ಕೊಡಿ, ನಾನು ಸುರಿಯುತ್ತೇನೆ.